ಐದು ವರ್ಷದೊಳಗೆ ಎಲ್ಲಾ ಮುಗಿಯುತ್ತಾ? – ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಪೆರ್ಲ ಕಡೆಯ ಓದುಗರೊಬ್ಬರು ಹೀಗೆ ಬರೆದಿದ್ದರು: ‘ಮಗನಿಗೆ ಒಂದೂವರೆ ವರ್ಷ ಆಗಿದ್ದಾಗ ಅವನನ್ನು ತವರಿನಲ್ಲಿ ಅಮ್ಮನ ಹತ್ತಿರ ಬಿಟ್ಟು ಕೆಲಸಕ್ಕೆಂದು ಶಾರ್ಜಾಕ್ಕೆ ಹೋದೆ. ಈಗ ಅವನಿಗೆ ನಾಲ್ಕು ದಾಟಿದೆ, ನಾನು ವಾಪಸ್ ಬಂದಿದ್ದೇನೆ. ಕರೆದರೆ ಹತ್ತಿರ ಬರುವುದಿಲ್ಲ. ನನ್ನ ಕನ್ನಡಕ, ಬೀಗದ ಕೈ, ಮೊಬೈಲು ಅಡಗಿಸಿಡುತ್ತಾನೆ. ನಾನು ಹುಡುಕಿ ಸುಸ್ತಾದ ಮೇಲೆ ಅವನೇ ತಂದುಕೊಟ್ಟು ಕೇಕೆ ಹಾಕುತ್ತಾನೆ. ಅಜ್ಜಿಯ ಹಳೇ ಸೀರೆಯ ತುಂಡಿಲ್ಲದೆ ಮಲಗುವುದಿಲ್ಲ. ಬಿ.ಎಡ್. ಓದುತ್ತಿರುವ ನಾದಿನಿ, “ಮನೋವಿಶ್ಲೇಷಣೆ ಅನ್ನುವ ಮನಸ್ಸಿನ ಚಿಕಿತ್ಸೆ ಶುರುಮಾಡಿದ ಫ್ರಾಯ್ಡ್ ಪ್ರಕಾರ ಐದು ವರ್ಷದೊಳಗೆ ವ್ಯಕ್ತಿತ್ವ ಗಟ್ಟಿಯಾಗಿಬಿಡುತ್ತದೆ ಅತ್ತಿಗೆ. ಅದರ ಮೇಲೆ ನಿಮ್ಮಮ್ಮ ಕಕ್ಕಸಿನ ವಿಷಯದಲ್ಲಿ ತುಂಬಾ ಸ್ಟ್ರಿಕ್ಟ್. ಇವನು ಮುಂದೆ ಜಿಪುಣ, ಹಟಮಾರಿ ಆಗುತ್ತಾನೆ” ಎಂದಳು. ನಾನು ಮಗನನ್ನು ಹಾಳು ಮಾಡಿದೆನಾ?’

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ತಂಗೀ, ನಿಮ್ಮ ನಾದಿನಿ ಹೇಳಿದ್ದನ್ನು ಪರೀಕ್ಷೆಯಲ್ಲಿ ಬರೆದರೆ ಮಾರ್ಕು ಸಿಗುತ್ತದೆ. ಶಿಕ್ಷಕರ ತರಬೇತಿಯಲ್ಲಿ ಅದೇ ಪಾಠ ಮಾಡಿದವನು ನಾನು. ಮಗುವಿಗೆ ಸುಖ ದೇಹದ ಯಾವ ಭಾಗದಿಂದ ಅನ್ನುವುದರ ಮೇಲೆ ಹಂತಗಳು: ಬಾಯಿಯ ಹಂತ, ಕಕ್ಕಸು ಕಲಿಯುವ ಪ್ರಾಯದ ಗುದದ ಹಂತ, ಆಮೇಲೆ ಮೂರರಿಂದ ಐದಾರು ವರ್ಷದ ಹಂತ, ಶಾಲೆಯ ವಯಸ್ಸಿನ ಸುಪ್ತ ಹಂತ, ಕೊನೆಗೆ ಪ್ರಾಯ. ಯಾವುದಾದರೂ ಹಂತದಲ್ಲಿ ಮಗುವಿಗೆ ಜಾಸ್ತಿ ಸಿಕ್ಕರೂ ಕಷ್ಟ, ಕಡಿಮೆ ಸಿಕ್ಕರೂ ಕಷ್ಟ, ಮನಸ್ಸಿನ ಒಂದು ಪಾಲು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಇದು ಸಿದ್ಧಾಂತ. ಅಚ್ಚುಕಟ್ಟು, ಜಿಪುಣತನ, ಹಟ ಈ ಮೂರೂ ಒಟ್ಟಿಗೆ ಬರುತ್ತವೆ, ಅದರ ಬೇರು ಗುದದ ಹಂತದಲ್ಲಿದೆ ಎಂಬ ಮಾತು ಫ್ರಾಯ್ಡ್ 1908ರಲ್ಲಿ ಬರೆದ ಒಂದು ಸಣ್ಣ ಲೇಖನದ್ದು; ಕಕ್ಕಸಿನ ತರಬೇತಿ ಬಿಗಿಯಾದದ್ದೇ ಕಾರಣ ಎಂದು ಒತ್ತಿ ಹೇಳಿದ್ದು ಆಮೇಲಿನವರು. ಈ ಮೂರು ಗುಣ ಒಬ್ಬರಲ್ಲೇ ಕಾಣುವುದುಂಟು, ಅದು ಸರಿ. ಆದರೆ ಅದಕ್ಕೆ ಕಾರಣ ಕಕ್ಕಸಿನ ತರಬೇತಿ ಎನ್ನುವುದಕ್ಕೆ ಆಮೇಲೆ ಹುಡುಕಿದವರಿಗೆ ಗಟ್ಟಿ ಆಧಾರ ಸಿಗಲಿಲ್ಲ. ನಿಮ್ಮ ಅಮ್ಮ ಅವನನ್ನು ಹೊತ್ತಿಗೆ ಸರಿಯಾಗಿ ಕೂರಿಸಿದ್ದಕ್ಕೆ ಅವನು ಮುಂದೆ ಅಡಕೆ ಮಾರಿದ ದುಡ್ಡನ್ನು ಬಿಚ್ಚದೆ ಕೂರುತ್ತಾನೆ ಅಂತ ಹೆದರಬೇಡಿ.

ಪಾಠಪುಸ್ತಕದಲ್ಲಿ ಬಿಟ್ಟುಹೋಗುವ ವಿಷಯ ಬೇರೆಯೇ ಇದೆ. ಫ್ರಾಯ್ಡ್ ವಿಯೆನ್ನಾದಲ್ಲಿ ನೋಡುತ್ತಿದ್ದದ್ದು ದೊಡ್ಡವರನ್ನು. ಅವರ ಕಷ್ಟದಿಂದ ಹಿಂದೆ ಹಿಂದೆ ಹೋಗಿ ಬಾಲ್ಯ ಮುಟ್ಟುತ್ತಿದ್ದರು. ಕುದುರೆಗೆ ಹೆದರುತ್ತಿದ್ದ ಐದು ವರ್ಷದ ಹುಡುಗನ ಬಗ್ಗೆ 1909ರಲ್ಲಿ ಬರೆದರಲ್ಲ, ಅಲ್ಲಿಯೂ ಚಿಕಿತ್ಸೆ ನಡೆದದ್ದು ಹೆಚ್ಚಾಗಿ ಹುಡುಗನ ಅಪ್ಪನ ಮೂಲಕವೇ. ಹೀಗೆ ಹಿಂದಕ್ಕೆ ಹೋಗುವಾಗ ಎಲ್ಲಾ ಕೊಂಡಿ ಸರಿಯಾಗಿ ಕೂಡುತ್ತವೆ, ಬೇರೆ ಥರ ಆಗಲು ಸಾಧ್ಯವೇ ಇರಲಿಲ್ಲ ಅನಿಸುತ್ತದೆ. ಮೊದಲಿನಿಂದ ಮುಂದಕ್ಕೆ ಬಂದರೆ ಹಾಗೆ ಅನಿಸುವುದಿಲ್ಲ, ಬೇರೆ ದಾರಿಗಳೂ ಇದ್ದವು ಅಂತ ಗೊತ್ತಾಗುತ್ತದೆ. ಈ ಮಾತನ್ನು 1920ರಲ್ಲಿ ಬರೆದದ್ದು ಫ್ರಾಯ್ಡೇ. ಅವರೇ ಹೇಳದ ಭವಿಷ್ಯವನ್ನು ನಾವು ಅವರ ಹೆಸರಲ್ಲಿ ಹೇಳುತ್ತೇವೆ. ನಮ್ಮೂರಲ್ಲಿ ಜಾತಕ ನೋಡುವವರು ಸಾಕಷ್ಟು ಇದ್ದಾರೆ, ಅಲ್ವಾ?

ಅದೇ ವರ್ಷ ಫ್ರಾಯ್ಡ್ ಬರೆದ ಇನ್ನೊಂದು ಕತೆ ಉಂಟು. ನಿಮ್ಮ ಕಾಗದದ ಕನ್ನಡಕ, ಬೀಗದ ಕೈ ಓದಿದ ಕೂಡಲೇ ನನಗೆ ನೆನಪಾದದ್ದು ಅದು. ಫ್ರಾಯ್ಡ್‌ಗೆ ಒಂದೂವರೆ ವರ್ಷದ ಮೊಮ್ಮಗ ಇದ್ದ. ನೀವು ವಿಮಾನ ಹತ್ತುವಾಗ ನಿಮ್ಮ ಮಗನಿಗೆ ಇದ್ದಷ್ಟೇ ಪ್ರಾಯ. ತಾಯಿ ಹೊರಗೆ ಹೋದರೆ ಅಳುತ್ತಿರಲಿಲ್ಲ, ಒಳ್ಳೇ ಮಗು ಅಂತ ಮನೆಯವರಿಗೆ ಖುಷಿ. ಆದರೆ ಅವನದ್ದೊಂದು ಆಟ. ದಾರ ಕಟ್ಟಿದ ಮರದ ರೀಲನ್ನು ಪರದೆ ಹಾಕಿದ ಮಂಚದಾಚೆ ಎಸೆಯುತ್ತಿದ್ದ, ಕಾಣದಾದಾಗ ‘ಓ–ಓ–ಓ’ ಎನ್ನುತ್ತಿದ್ದ. ದಾರ ಎಳೆದು ರೀಲು ಮತ್ತೆ ಕಂಡಾಗ ಖುಷಿಯಿಂದ ಕೂಗುತ್ತಿದ್ದ. ಅಮ್ಮ ಹೋಗುವುದನ್ನು ತಡೆಯಲು ಮಗುವಿನಿಂದ ಆಗುವುದಿಲ್ಲ. ರೀಲು ಹೋಗುವುದು, ಬರುವುದು ಮಾತ್ರ ಅವನ ಕೈಯಲ್ಲೇ ಇತ್ತು. ಫ್ರಾಯ್ಡ್ ಅದನ್ನು ಓದಿದ್ದು ಹಾಗೆ. ಸ್ವಲ್ಪ ಸೇಡೂ ಇರಬಹುದು, ‘ಹೋಗು, ನೀನು ನನಗೆ ಬೇಡ’ ಅನ್ನುವ ಹಾಗೆ ಎಂದೂ ಸೇರಿಸಿದರು.

ನಿಮ್ಮ ಹುಡುಗ ಅಡಗಿಸುವುದು ಯಾರ ವಸ್ತು ನೋಡಿ. ಅಜ್ಜಿಯದ್ದಲ್ಲ, ಮಾವನದ್ದಲ್ಲ. ನಿಮ್ಮದು. ಅದೂ ನೀವು ಹೊರಗೆ ಹೋಗುವಾಗ ಬೇಕಾಗುವಂಥದ್ದು. ಆಮೇಲೆ ತಾನೇ ತಂದುಕೊಡುತ್ತಾನೆ. ಕದಿಯುವವನು ತಂದುಕೊಡುತ್ತಾನಾ? ಬೈಯಬೇಡಿ. ಇನ್ನೊಂದು ಸಲ ಹುಡುಕಿ, ಸ್ವಲ್ಪ ಜಾಸ್ತಿ ಹೊತ್ತು ಹುಡುಕಿ.

– ನಿವೃತ್ತ ಅಧ್ಯಾಪಕ, ಬದಿಯಡ್ಕ

*

ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ಅಡಗಿಸುವ ಆಟಕ್ಕಿಂತ ಮುಖ ತಿರುಗಿಸುವುದು ನಿಮಗೆ ಜಾಸ್ತಿ ನೋವು ಕೊಟ್ಟಿದೆ ಅನಿಸಿತು. ಹಿಂದೆ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಅಪ್ಪ ಅಮ್ಮನನ್ನು ಮಗುವಿನ ಹತ್ತಿರ ಇರಲು ಬಿಡುತ್ತಿರಲಿಲ್ಲ. ಅಲ್ಲಿಗೆ ಸೇರಿದ ಎರಡು ವರ್ಷದ ಹುಡುಗಿಯೊಬ್ಬಳನ್ನು ಜೇಮ್ಸ್ ರಾಬರ್ಟ್‌ಸನ್ ಅನ್ನುವವರು ಚಿತ್ರೀಕರಿಸಿ 1952ರಲ್ಲಿ ತೋರಿಸಿದರು. ಅವರೂ ಮನೋವಿಶ್ಲೇಷಕ ಜಾನ್ ಬೌಲ್ಬಿಯೂ ಸೇರಿ ಹೇಳಿದ್ದು ಇಷ್ಟು: ತಾಯಿಯಿಂದ ದೂರವಾದ ಮಗು ಮೊದಲು ಅಳುತ್ತದೆ, ಆಮೇಲೆ ಮಂಕಾಗುತ್ತದೆ, ಕೊನೆಗೆ ಏನೂ ಆಗಿಲ್ಲ ಅನ್ನುವ ಹಾಗೆ ಇರುತ್ತದೆ. ತಾಯಿ ಬಂದರೆ ಯಾರೋ ನೆಂಟರು ಬಂದಂತೆ ನೋಡುತ್ತದೆ. ಪ್ರೀತಿ ಹೋಯಿತು ಅಂತಲ್ಲ. ಮತ್ತೆ ನೋವಾಗದ ಹಾಗೆ ಮಗು ತನ್ನನ್ನು ಕಾಪಾಡಿಕೊಳ್ಳುವುದು.

ನಿಮ್ಮ ಮಗ ಆಸ್ಪತ್ರೆಯಲ್ಲಿ ಇರಲಿಲ್ಲ, ಪರಿಚಯದ ಅಂಗಳದಲ್ಲಿ ಅಜ್ಜಿಯ ಹತ್ತಿರ ಇದ್ದ. ಅದು ಸಣ್ಣ ವ್ಯತ್ಯಾಸ ಅಲ್ಲ. ಒಂದು ವಿಷಯಕ್ಕೆ ಮಾತ್ರ ಈಗಲೇ ತಯಾರಾಗಿರಿ. ಇಂಥ ಮಕ್ಕಳು ಒಮ್ಮೆ ಹತ್ತಿರ ಬಂದರೆ ಬಿಡುವುದಿಲ್ಲ. ಬಾವಿಕಟ್ಟೆಗೆ ಹೋದರೂ ಸೆರಗು ಹಿಡಿದು ಬರುತ್ತಾರೆ. ಆಗ ‘ಇವನು ಯಾಕೆ ಹೀಗಾದ’ ಅಂತ ಇನ್ನೊಂದು ಕಾಗದ ಬರೆಯಬೇಡಿ.

ಆ ಸೀರೆ ತುಂಡು ಎಷ್ಟೇ ವಾಸನೆ ಬಂದರೂ ಅವನಿಗೆ ಹೇಳದೆ ಒಗೆಯಬೇಡಿ. ಮಕ್ಕಳ ಡಾಕ್ಟರೂ ಮನೋವಿಶ್ಲೇಷಕರೂ ಆಗಿದ್ದ ವಿನಿಕಾಟ್ ಇದನ್ನೇ ಹೇಳಿದ್ದು. ತಾಯಿಗೂ ಹೊರಗಿನ ಲೋಕಕ್ಕೂ ನಡುವೆ ಮಗು ತಾನೇ ಹುಡುಕಿಕೊಂಡ ವಸ್ತು ಅದು. ಒಗೆದರೆ ಆ ವಾಸನೆಯೇ ಹೋಯಿತಲ್ಲ.

– ನಿವೃತ್ತ ನರ್ಸ್, ಹೊಸೂರು

*

ಎಲ್ಲರೂ ಅಮ್ಮನ ಬಗ್ಗೆಯೇ ಬರೆಯುತ್ತೀರಿ ಮಾರಾಯ್ರೇ. ಆ ಅಜ್ಜಿ ರಾತ್ರಿ ಎದ್ದು ಗಂಜಿ ಕುಡಿಸಿದ್ದು, ಅಡಕೆ ಹಾಳೆಯ ಮೇಲೆ ಕೂರಿಸಿ ಅಂಗಳ ಇಡೀ ಎಳೆದದ್ದು ಯಾವ ಲೆಕ್ಕಕ್ಕೆ? ಈಗ ಅಮ್ಮ ಬಂದಳು ಅಂತ ಮಗುವನ್ನು ಒಂದೇ ಸಲ ಅಜ್ಜಿಯ ಚಾಪೆಯಿಂದ ಎಬ್ಬಿಸಿ ಗಂಡನ ಮನೆಗೆ ಕರೆದುಕೊಂಡು ಹೋದರೆ ಅವನಿಗೆ ಅದು ಎರಡನೇ ಪೆಟ್ಟು. ಮೂವರೂ ಸ್ವಲ್ಪ ಸಮಯ ಒಟ್ಟಿಗೆ ಮಲಗಿ. ನಾದಿನಿಗೆ ಅಷ್ಟು ತಿಳಿದಿದ್ದರೆ ಸಂಜೆ ಮಗುವನ್ನು ಎತ್ತಿಕೊಳ್ಳಲಿ.

– ಮೊಮ್ಮಕ್ಕಳನ್ನು ಸಾಕಿದವಳು, ಮುಳ್ಳೇರಿಯ

*

ಸಮಾಧಾನ ಹೇಳುವ ಭರದಲ್ಲಿ ಫ್ರಾಯ್ಡ್‌ರನ್ನು ಪೂರ್ತಿ ತಳ್ಳಿಬಿಡುವುದೂ ಬೇಡ. ನಾಲ್ಕೈದು ವರ್ಷ ಸುಮ್ನೆ ಕಳೆಯುವ ಕಾಲ ಅಲ್ಲ. 1923ರಲ್ಲಿ ಅವರು ಮನಸ್ಸನ್ನು ಮೂರು ಭಾಗವಾಗಿ ಹೇಳಿದರು: ‘ಈಗಲೇ ಬೇಕು’ ಅನ್ನುವುದೊಂದು, ‘ಸ್ವಲ್ಪ ತಡಿ, ನೋಡೋಣ’ ಅನ್ನುವುದೊಂದು, ‘ಛೀ, ತಪ್ಪು’ ಅನ್ನುವುದೊಂದು. ಈ ಮೂರನೆಯದು ಗಟ್ಟಿಯಾಗುವುದು ಈ ವಯಸ್ಸಿನಲ್ಲೇ, ಮನೆಯ ದೊಡ್ಡವರ ಸ್ವರ ಒಳಗೆ ಇಳಿದು. ನಿಮ್ಮ ಮಗನೊಳಗೆ ಸದ್ಯ ಇರುವುದು ಅಜ್ಜಿಯ ಸ್ವರ. ಅದರ ಜೊತೆಗೆ ‘ನೀನು ಕಳ್ಳ’ ಅನ್ನುವ ಸ್ವರ ಸೇರದಿರಲಿ ಅನ್ನುವುದಷ್ಟೇ ನನ್ನ ಆತಂಕ.

ಆದರೆ ಕತೆ ಐದಕ್ಕೇ ನಿಲ್ಲುವುದಿಲ್ಲ. ಫ್ರಾಯ್ಡ್ ಮಗಳು ಆನಾ ಅವರ ಹತ್ತಿರ ಕಲಿತ ಎರಿಕ್ ಎರಿಕ್‌ಸನ್ 1950ರಲ್ಲಿ ಮುಪ್ಪಿನವರೆಗೆ ಎಂಟು ಹಂತ ಹೇಳಿದರು. ಮೊದಲ ಹಂತ ನಂಬಿಕೆಯದ್ದು. ಅಲ್ಲಿ ಕೊರತೆಯಾದದ್ದು ಮುಂದಿನ ಹಂತಗಳಲ್ಲಿ ಮತ್ತೆ ಎದುರಾಗುತ್ತದೆ, ತುಂಬಿಕೊಳ್ಳಲು ಅವಕಾಶವೂ ಸಿಗುತ್ತದೆ. ಎರಿಕ್‌ಸನ್‌ಗೆ ಹೆತ್ತ ತಂದೆ ಯಾರೆಂದು ಜೀವನಪೂರ್ತಿ ಗೊತ್ತಾಗಲಿಲ್ಲ.

ಅಪ್ಪ, ಅಮ್ಮ, ಮಗು ಮೂವರೇ ಇರುವ ವಿಯೆನ್ನಾದ ಮನೆಯ ಲೆಕ್ಕ ನಮ್ಮ ಕೂಡುಮನೆಗೆ ಹಾಗೇ ಹೊಂದುತ್ತದಾ ಅನ್ನುವ ಪ್ರಶ್ನೆಯೂ ಹೊಸದಲ್ಲ. 1922ರಲ್ಲಿ ಕಲ್ಕತ್ತಾದಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ ಗಿರೀಂದ್ರಶೇಖರ ಬೋಸರು, ತಮ್ಮ ಹತ್ತಿರ ಬರುವವರಲ್ಲಿ ಕಾಣುವುದು ಸ್ವಲ್ಪ ಬೇರೆ ಅಂತ ಫ್ರಾಯ್ಡ್‌ಗೇ ಕಾಗದ ಬರೆದು ವಾದಿಸಿದ್ದರು.

– ಮನಃಶಾಸ್ತ್ರ ವಿದ್ಯಾರ್ಥಿ, ತಾಳವಾಡಿ

*

ನಾನೂ ಗಲ್ಫಿನವನೇ. ಸಿದ್ಧಾಂತ ನನಗೆ ಗೊತ್ತಿಲ್ಲ. ನೀವು ಪುನಃ ಶಾರ್ಜಾಕ್ಕೆ ಹೋಗುತ್ತೀರಾ ಇಲ್ಲವಾ ಅಂತ ಕಾಗದದಲ್ಲಿ ಇರಲಿಲ್ಲ. ಹೋಗುವುದಾದರೆ ಈಗಲೇ ಅವನಿಗೆ ಹೇಳಿ. ಮಗು ಅಳುತ್ತದೆ ಅಂತ ನಮ್ಮ ಕಡೆ ಹೆಚ್ಚಿನವರು ಅದು ಮಲಗಿದ ಮೇಲೆ ಬ್ಯಾಗು ಹೊರಗಿಟ್ಟು ಕಾರು ಹತ್ತುತ್ತಾರೆ. ಹಾಗೆ ಮಾಡಬೇಡಿ. ಅವನು ಎಚ್ಚರ ಇರುವಾಗಲೇ ಹೊರಡಿ, ಅಳುವುದಾದರೆ ನಿಮ್ಮ ಮುಂದೆಯೇ ಅಳಲಿ. ಅಲ್ಲಿಂದ ವಿಡಿಯೋ ಕಾಲ್ ಮಾಡಿದಾಗ ಅವನು ಮೊಬೈಲಿನ ಹತ್ತಿರ ಬರದಿದ್ದರೆ ಅಜ್ಜಿಯ ಹತ್ತಿರ ಬಲವಂತ ಮಾಡಿಸಬೇಡಿ. ಮೊಬೈಲು ಅಲ್ಲೇ ಇರಲಿ, ನೀವು ಅಜ್ಜಿಯ ಜೊತೆ ಮಾತಾಡುತ್ತಿರಿ.

– ಉಪ್ಪಳದವನು, ಸದ್ಯ ದುಬೈ