ಬ್ರಾಡ್‌ಬ್ಯಾಂಡ್ ಫೋನ್: ರಿಂಗ್ ಬರುತ್ತದೆ, ದನಿ ಮಾತ್ರ ಒಂದೇ ಕಡೆ. ಕರೆ ಯಾವ ದಾರಿಯಲ್ಲಿ ಹೋಗುತ್ತದೆ?

ತಂತಿಜಾಡು:
ಫೈಬರ್ ಕಂಪನಿ ಕೊಟ್ಟ ರೂಟರ್, ಅದರ ಹಿಂದೆ ಇನ್ನೊಂದು ವೈಫೈ ರೂಟರ್, ಅದಕ್ಕೆ ಸಿಪ್ (ಇಂಟರ್ನೆಟ್ ಕರೆ ಜೋಡಿಸುವ ನಿಯಮ) ಅಡಾಪ್ಟರ್, ಅಡಾಪ್ಟರ್‌ಗೆ ಮಾಮೂಲಿ ಫೋನ್. ಬರುವ ಕರೆ ರಿಂಗ್ ಆಗುತ್ತದೆ. ಎತ್ತಿದರೆ ಈ ಕಡೆಯ ಮಾತು ಆ ಕಡೆಗೆ ಕೇಳುತ್ತದೆ, ಆ ಕಡೆಯದು ಇಲ್ಲಿಗೆ ಕೇಳುವುದಿಲ್ಲ. ಅರ್ಧ ನಿಮಿಷ ಕಳೆದರೆ ಕರೆಯೇ ಕಟ್. ರಿಂಗ್ ಬರುತ್ತದೆ ಅಂದರೆ ದಾರಿ ತೆರೆದಿದೆ ಅಂತಲ್ಲವೇ? ಮಾತು ಯಾಕೆ ಅದೇ ದಾರಿಯಲ್ಲಿ ಬರುವುದಿಲ್ಲ? ಇನ್ನೊಂದು: ಯಾರಾದರೂ ದೊಡ್ಡ ಫೈಲ್ ಅಪ್‌ಲೋಡ್‌ಗೆ ಹಾಕಿದರೆ ದನಿ ಚೂರುಚೂರಾಗುತ್ತದೆ. ಅಪ್‌ಲೋಡ್ ವೇಗ 10 ಎಂಬಿಪಿಎಸ್ ಇದೆ. ಒಂದು ಕರೆಗೆ ಅಷ್ಟು ಸಾಲದೇ?

ಪೊಟ್ಟಣ:
ರಿಂಗ್ ಬರುವ ದಾರಿ ಬೇರೆ, ಮಾತು ಬರುವ ದಾರಿ ಬೇರೆ. ನಿಮ್ಮ ತೊಂದರೆಯ ಮೂಲ ಇಲ್ಲೇ ಇದೆ.

ಅಡಾಪ್ಟರ್ ಮೊದಲು ಸೇವೆ ಕೊಡುವವರ ಸರ್ವರ್‌ಗೆ ರಿಜಿಸ್ಟರ್ (ನಾನು ಇಲ್ಲಿದ್ದೇನೆ ಎಂಬ) ಸಂದೇಶ ಕಳಿಸುತ್ತದೆ, ಸಾಮಾನ್ಯವಾಗಿ ಯುಡಿಪಿ (ತಲುಪಿತೇ ಎಂದು ಕೇಳದೆ ಪ್ಯಾಕೆಟ್ ಕಳಿಸುವ ರೀತಿ) 5060ನೇ ಪೋರ್ಟ್‌ನಲ್ಲಿ. ಆ ಪ್ಯಾಕೆಟ್ ಯಾವ ಸಾರ್ವಜನಿಕ ಐಪಿ ಮತ್ತು ಪೋರ್ಟ್‌ನಿಂದ ಬಂತು ಎಂದು ಸರ್ವರ್ ಬರೆದಿಟ್ಟುಕೊಳ್ಳುತ್ತದೆ. ಯಾರಾದರೂ ನಿಮ್ಮ ನಂಬರ್ ಒತ್ತಿದಾಗ ಹಳೆಯ ಟೆಲಿಫೋನ್ ಜಾಲದ ಗೇಟ್‌ವೇ ಆ ಕರೆಯನ್ನು ಸಿಪ್‌ಗೆ ಬದಲಿಸಿ ಸರ್ವರ್‌ಗೆ ಕೊಡುತ್ತದೆ, ಸರ್ವರ್ ತಾನು ಬರೆದಿಟ್ಟ ವಿಳಾಸಕ್ಕೆ ಇನ್ವೈಟ್ (ಕರೆ ಬಂದಿದೆ ಎಂಬ ಸಂದೇಶ) ಕಳಿಸುತ್ತದೆ. ರಿಜಿಸ್ಟರ್ ಹೊರಹೋದಾಗ ರೂಟರ್‌ನಲ್ಲಿ ತೆರೆದ ಕಿಂಡಿ ಇನ್ನೂ ಮುಚ್ಚಿಲ್ಲದಿದ್ದರೆ ಫೋನ್ ರಿಂಗ್ ಆಗುತ್ತದೆ.

ಎತ್ತಿದ ಕೂಡಲೇ ಅಡಾಪ್ಟರ್ 200 ಓಕೆ ಎಂಬ ಉತ್ತರ ಕಳಿಸುತ್ತದೆ. ಅದರೊಳಗೆ ಎಸ್‌ಡಿಪಿ ಎಂಬ ಚೀಟಿ ಇರುತ್ತದೆ: ದನಿಯನ್ನು ಈ ಐಪಿಗೆ, ಈ ಪೋರ್ಟ್‌ಗೆ, ಈ ಕೋಡೆಕ್‌ನಲ್ಲಿ (ದನಿಯನ್ನು ಅಂಕಿಗಳಾಗಿಸುವ ವಿಧಾನ) ಕಳಿಸಿ ಎಂದು. ನ್ಯಾಟ್ (ಒಳಗಿನ ವಿಳಾಸವನ್ನು ಸಾರ್ವಜನಿಕ ವಿಳಾಸಕ್ಕೆ ಬದಲಿಸುವ ರೂಟರ್ ಕೆಲಸ) ಹಿಂದೆ ಕೂತ ಅಡಾಪ್ಟರ್‌ಗೆ ತನ್ನ ಸಾರ್ವಜನಿಕ ವಿಳಾಸ ಗೊತ್ತಿಲ್ಲ, ಹಾಗಾಗಿ 192.168.1.20 ಅಂತ ಮನೆಯೊಳಗಿನ ವಿಳಾಸವನ್ನೇ ಬರೆದುಬಿಡುತ್ತದೆ. ರೂಟರ್ ತಿದ್ದುವುದು ಪ್ಯಾಕೆಟ್‌ನ ಹೊರಗಿನ ವಿಳಾಸವನ್ನು ಮಾತ್ರ, ಒಳಗಿನ ಚೀಟಿಯನ್ನಲ್ಲ. ಆ ಕಡೆಯವರು 192.168.1.20ಕ್ಕೆ ಕಳಿಸಿದ ದನಿ ಅವರ ಜಾಲದಲ್ಲೇ ಸತ್ತುಹೋಗುತ್ತದೆ. ನಿಮ್ಮ ದನಿಗೆ ಈ ತೊಂದರೆ ಇಲ್ಲ, ಅವರ ಚೀಟಿಯಲ್ಲಿ ಸರಿಯಾದ ವಿಳಾಸವಿದೆ.

ಅರ್ಧ ನಿಮಿಷದ್ದೂ ಇದೇ ರೋಗ. ಗಡಿಯಾರ ಹಿಡಿದು ನೋಡಿ, 32 ಸೆಕೆಂಡ್ ಇರುತ್ತದೆ. 200 ಓಕೆಗೆ ಉತ್ತರವಾಗಿ ಆಕ್ (ತಲುಪಿತು ಎಂಬ ಸಂದೇಶ) ಬರಬೇಕು. ಅದು ಹೋಗುವುದು ಅದೇ 200 ಓಕೆಯ ಕಾಂಟ್ಯಾಕ್ಟ್ ಸಾಲಿನಲ್ಲಿರುವ ವಿಳಾಸಕ್ಕೆ, ಅಲ್ಲಿಯೂ 192.168. ಆಕ್ ಸಿಗದ ಅಡಾಪ್ಟರ್ 200 ಓಕೆಯನ್ನು ಮತ್ತೆ ಮತ್ತೆ ಕಳಿಸಿ, 500 ಮಿಲಿಸೆಕೆಂಡಿನ 64 ಪಟ್ಟು ಕಾದು, ಬೈ ಹೇಳಿ ಮುಗಿಸುತ್ತದೆ.

ಕಿಂಡಿಬಾಗಿಲು:
ಇಷ್ಟೆಲ್ಲ ಯಾಕೆ? 5060 ಮತ್ತು 10000ರಿಂದ 20000ದವರೆಗಿನ ಯುಡಿಪಿ ಪೋರ್ಟ್‌ಗಳನ್ನು ಅಡಾಪ್ಟರ್‌ಗೆ ಫಾರ್ವರ್ಡ್ ಮಾಡಿ, ಅಂದರೆ ಹೊರಗಿನಿಂದ ಅಲ್ಲಿಗೆ ಬಂದದ್ದು ನೇರ ಅದಕ್ಕೇ ಹೋಗಲಿ, ಮುಗಿಯಿತು.

ಪೊಟ್ಟಣ:
ಮುಗಿಯುವುದಿಲ್ಲ ಸರ್. ಚೀಟಿಯಲ್ಲಿ ವಿಳಾಸವೇ ತಪ್ಪಿದ್ದರೆ ಪ್ಯಾಕೆಟ್ ರೂಟರ್ ಬಾಗಿಲಿಗೇ ಬರುವುದಿಲ್ಲ, ಬಾಗಿಲು ತೆರೆದಿಟ್ಟು ಏನು ಪ್ರಯೋಜನ? ಅದೂ ಅಲ್ಲದೆ 5060 ಹೊರಗೆ ತೆರೆದರೆ ತೆರೆದ ಪೋರ್ಟ್ ಹುಡುಕುವ ಸ್ಕ್ಯಾನರ್‌ಗಳು ನೇರವಾಗಿ ಇನ್ವೈಟ್ ಕಳಿಸುತ್ತವೆ. ನಡುರಾತ್ರಿ ಫೋನ್ ಬಡಿದುಕೊಂಡು, ಎತ್ತಿದರೆ ಯಾರೂ ಇಲ್ಲ ಅನ್ನುವ ಕರೆಗಳು ಹೀಗೇ ಬರುವುದು.

ಮಾಡಬೇಕಾದದ್ದು ಈ ಕ್ರಮದಲ್ಲಿ, ಒಂದೊಂದಾದ ಮೇಲೂ ಕರೆ ಮಾಡಿ ನೋಡುತ್ತಾ:

1. ಎರಡೂ ರೂಟರ್‌ಗಳಲ್ಲಿ ಸಿಪ್ ಎಎಲ್‌ಜಿ ಆಫ್ ಮಾಡಿ. ಚೀಟಿಯನ್ನು ತಿದ್ದಲೆಂದೇ ಇದನ್ನು ಇಟ್ಟಿದ್ದಾರೆ, ಆದರೆ ಅರೆಬರೆ ತಿದ್ದುವುದೇ ಹೆಚ್ಚು. ಆಫ್ ಮಾಡುವ ಆಯ್ಕೆಯೇ ಇಲ್ಲದಿದ್ದರೆ, ಸರ್ವರ್ ಒಪ್ಪುವುದಾದರೆ ಟಿಎಲ್‌ಎಸ್ 5061ಕ್ಕೆ ಹೋಗಿ. ಗೂಢಲಿಪಿಯಾದ ಸಂದೇಶವನ್ನು ಎಎಲ್‌ಜಿ ಓದಲಾರದು.
2. ಎರಡು ನ್ಯಾಟ್ ಬೇಡ. ಮೊದಲ ರೂಟರ್ ಬ್ರಿಜ್ ಮೋಡ್‌ಗೆ (ನ್ಯಾಟ್ ಮಾಡದೆ ಹಾಗೇ ದಾಟಿಸುವ ಸ್ಥಿತಿ) ಹೋಗಲಿ, ಅಥವಾ ಎರಡನೆಯದು ಬರೀ ವೈಫೈ ಕೊಡುವ ಆಕ್ಸೆಸ್ ಪಾಯಿಂಟ್ ಆಗಲಿ.
3. ಅಡಾಪ್ಟರ್‌ನಲ್ಲಿ ಆರ್‌ಪೋರ್ಟ್ (ಸಂದೇಶ ಬಂದ ಪೋರ್ಟ್‌ಗೇ ಉತ್ತರಿಸಿ ಎಂಬ ಕೋರಿಕೆ) ಆನ್, ನ್ಯಾಟ್ ಕೀಪ್‌ಅಲೈವ್ (ಕಿಂಡಿ ಮುಚ್ಚದಂತೆ ಕಳಿಸುವ ಪುಟ್ಟ ಪ್ಯಾಕೆಟ್) 20 ಸೆಕೆಂಡಿಗೊಮ್ಮೆ. ಎಷ್ಟೋ ರೂಟರ್‌ಗಳು ಸದ್ದಿಲ್ಲದ ಯುಡಿಪಿ ಕಿಂಡಿಯನ್ನು 30 ಸೆಕೆಂಡಿಗೇ ಮುಚ್ಚುತ್ತವೆ, ರಿಜಿಸ್ಟರ್ ಮಾತ್ರ ಸಾಮಾನ್ಯವಾಗಿ 3600 ಸೆಕೆಂಡಿಗೊಮ್ಮೆ.
4. ಆಮೇಲೂ ದನಿ ಇಲ್ಲವೆಂದರೆ ಸ್ಟನ್ (ಅಡಾಪ್ಟರ್‌ಗೆ ಅದರ ಸಾರ್ವಜನಿಕ ವಿಳಾಸ ತಿಳಿಸುವ ಸರ್ವರ್) ಹಾಕಿ, ಪೋರ್ಟ್ 3478. ಸಿಮೆಟ್ರಿಕ್ ನ್ಯಾಟ್ (ಪ್ರತಿ ಗುರಿಗೂ ಬೇರೆ ಪೋರ್ಟ್ ಕೊಡುವಂಥದ್ದು) ಇದ್ದರೆ ಸ್ಟನ್ ಕೆಲಸಕ್ಕೆ ಬಾರದು. ಆಗ ಸೇವೆ ಕೊಡುವವರ ಎಸ್‌ಬಿಸಿಯೇ (ಅವರ ಜಾಲದ ಗಡಿಯಲ್ಲಿ ಕರೆ ದಾಟಿಸುವ ಯಂತ್ರ) ಚೀಟಿಯನ್ನು ಕಡೆಗಣಿಸಿ, ನಿಮ್ಮ ದನಿ ಬಂದ ವಿಳಾಸಕ್ಕೇ ತಿರುಗಿ ಕಳಿಸಬೇಕು. ಅದನ್ನು ಅವರ ಬಳಿ ಕೇಳಿ.

ರೂಟರ್‌ನ ವ್ಯಾನ್ (ಇಂಟರ್ನೆಟ್ ಕಡೆಯ) ವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ಇಂಟರ್ನೆಟ್ ಕೊಡುವವರೂ ಒಂದು ನ್ಯಾಟ್ ಇಟ್ಟಿದ್ದಾರೆ ಎಂದರ್ಥ. ಫಾರ್ವರ್ಡ್ ಆಗ ಪೂರ್ತಿ ವ್ಯರ್ಥ.

ಸಾಲುಗಟ್ಟಿ:
ಅಪ್‌ಲೋಡ್ ವಿಷಯಕ್ಕೆ ಬರುತ್ತೇನೆ. ಜಿ.711 ಕೋಡೆಕ್ 64 ಕೆಬಿಪಿಎಸ್. 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್, ಅದರಲ್ಲಿ 160 ಬೈಟ್ ದನಿ, 40 ಬೈಟ್ ಐಪಿ-ಯುಡಿಪಿ-ಆರ್‌ಟಿಪಿ ತಲೆಪಟ್ಟಿ. ಸೆಕೆಂಡಿಗೆ 50 ಪ್ಯಾಕೆಟ್, ಅಂದರೆ 80 ಕೆಬಿಪಿಎಸ್; ಈಥರ್ನೆಟ್ ಸೇರಿಸಿದರೆ ಸುಮಾರು 87. ನಿಮ್ಮ 10 ಎಂಬಿಪಿಎಸ್‌ನಲ್ಲಿ ಅದು ನೂರಕ್ಕೆ ಒಂದು ಪಾಲೂ ಅಲ್ಲ. ಅದಕ್ಕೇ ಕಡಿಮೆ ವೇಗ ಸಾಕಾಗುವ ಜಿ.729 ಕೋಡೆಕ್‌ಗೆ ಹೋಗಿ ಎನ್ನುವ ಸಲಹೆ ಕೇಳಬೇಡಿ, ಕೊರತೆ ಇರುವುದು ವೇಗದ್ದಲ್ಲ.

ತೊಂದರೆ ಇರುವುದು ಸಾಲಿನಲ್ಲಿ. ಅಪ್‌ಲೋಡ್ ರೂಟರ್‌ನ ಬಫರ್ (ಪ್ಯಾಕೆಟ್‌ಗಳು ಕಾಯುವ ಜಾಗ) ತುಂಬಿಸುತ್ತದೆ. 250 ಕಿಲೋಬೈಟ್ ಸಾಲು ನಿಂತರೂ 10 ಎಂಬಿಪಿಎಸ್‌ನಲ್ಲಿ ಅದು ಖಾಲಿಯಾಗಲು 200 ಮಿಲಿಸೆಕೆಂಡ್ ಬೇಕು, ದನಿ ಅದರ ಬಾಲದಲ್ಲಿ ಕಾಯುತ್ತದೆ. ದೂರಸಂಪರ್ಕ ಸಂಸ್ಥೆ ಐಟಿಯುವಿನ ಜಿ.114 ಶಿಫಾರಸಿನ ಪ್ರಕಾರ ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡ್ ಒಳಗಿದ್ದರೆ ಮಾತುಕತೆಗೆ ಅಡ್ಡಿಯಾಗದು. ವಿಳಂಬ ಏರಿಳಿಯುವುದು ಇನ್ನೂ ಕೆಟ್ಟದ್ದು: ಜಿಟ್ಟರ್ ಬಫರ್ (ಏರಿಳಿತ ಸರಿದೂಗಿಸಲು ಕೇಳುವ ಕಡೆ ದನಿಯನ್ನು ತಡೆದಿಡುವುದು) 60 ಮಿಲಿಸೆಕೆಂಡ್ ಇದ್ದು ಪ್ಯಾಕೆಟ್ 100 ತಡವಾಗಿ ಬಂದರೆ ಅದನ್ನು ಬಿಸಾಡುತ್ತಾರೆ. ಆ ಕಡೆಯವರಿಗೆ ಕೇಳುವ ಚೂರುಚೂರು ಅದೇ.

ರೂಟರ್‌ನಲ್ಲಿ ಎಸ್‌ಕ್ಯೂಎಂ (ಸಾಲು ನಿಭಾಯಿಸುವ ಸೌಲಭ್ಯ) ಇದ್ದರೆ ಅದರಲ್ಲಿ ಎಫ್‌ಕ್ಯೂ-ಕೋಡೆಲ್ ವಿಧಾನ ಆರಿಸಿ, ಅಪ್‌ಲೋಡ್ ಮಿತಿಯನ್ನು 9 ಎಂಬಿಪಿಎಸ್‌ಗೆ ಇಳಿಸಿ. ಸಾಲು ಫೈಬರ್ ಕಂಪನಿಯ ಡಬ್ಬಿಯಲ್ಲಲ್ಲ, ನಿಮ್ಮ ಹಿಡಿತದ ರೂಟರ್‌ನಲ್ಲಿ ನಿಲ್ಲಬೇಕು, ಈ ಇಳಿಕೆ ಅದಕ್ಕೇ. ದನಿಗೆ ಡಿಎಸ್‌ಸಿಪಿ 46 (ಇದನ್ನು ಮೊದಲು ಕಳಿಸಿ ಎಂಬ ಗುರುತು) ಹಾಕಬಹುದು, ಆದರೆ ಮನೆಯ ಹೊರಗೆ ಅದನ್ನು ಯಾರೂ ಗೌರವಿಸುತ್ತಾರೆಂಬ ಖಾತ್ರಿ ಇಲ್ಲ.

ತಂತಿಜಾಡು:
ಎಎಲ್‌ಜಿ ಆಫ್, ಬ್ರಿಜ್ ಮೋಡ್, ಕೀಪ್‌ಅಲೈವ್ ಮೂರೂ ಆಯಿತು. ದನಿ ಎರಡೂ ಕಡೆ ಬಂತು, 32 ಸೆಕೆಂಡ್ ಕಟ್ ಇಲ್ಲ. ಆದರೆ ಉದ್ದದ ಕರೆಗಳು ಸುಮಾರು 15 ನಿಮಿಷಕ್ಕೆ ನಿಲ್ಲುತ್ತವೆ.

ಪೊಟ್ಟಣ:
ಸೆಷನ್ ಟೈಮರ್. ಅವಧಿ 1800 ಸೆಕೆಂಡ್ ಇದ್ದರೆ ಅರ್ಧಕ್ಕೆ, ಅಂದರೆ 900ನೇ ಸೆಕೆಂಡಿಗೆ, ಒಂದು ಕಡೆಯವರು ಮತ್ತೆ ಇನ್ವೈಟ್ ಕಳಿಸಿ ಕರೆ ಜೀವಂತ ಇದೆಯೇ ಎಂದು ನೋಡುತ್ತಾರೆ. ಉತ್ತರ ಬರದಿದ್ದರೆ ಬೈ. ಅಡಾಪ್ಟರ್‌ನ ಸಿಸ್‌ಲಾಗ್ (ಸಂದೇಶಗಳ ದಾಖಲೆ) ಆನ್ ಮಾಡಿ 900ನೇ ಸೆಕೆಂಡಿನ ಆಸುಪಾಸು ನೋಡಿ. ಆ ಇನ್ವೈಟ್ ಬಂದೇ ಇಲ್ಲವೆಂದರೆ ಕಾಂಟ್ಯಾಕ್ಟ್ ವಿಳಾಸ ಇನ್ನೂ ತಪ್ಪಿದೆ, ಸ್ಟನ್ ಹಾಕಿ. ಬಂದು ಅಡಾಪ್ಟರ್ 488 (ಒಪ್ಪಲಾಗದು) ಉತ್ತರ ಕೊಟ್ಟಿದ್ದರೆ ಕೋಡೆಕ್ ಹೊಂದಿಲ್ಲ, ಪಟ್ಟಿಯಲ್ಲಿ ಜಿ.711ರ ಎ-ಲಾ, ಮ್ಯೂ-ಲಾ ಎರಡೂ ಬಗೆ ಇರಲಿ. ಲಾಗ್‌ನ ಆ ಭಾಗ ಇಲ್ಲಿ ಹಾಕುವುದಾದರೆ ನಂಬರ್ ಮತ್ತು ಸಾರ್ವಜನಿಕ ಐಪಿ ಅಳಿಸಿ ಹಾಕಿ.