ಎಂ.ಫಿಲ್ ಸೀಟ್ ಇದೆ ಅಂತಿದ್ದಾರೆ, ಫೀಸ್ ಕಟ್ಟಲಾ?

ಕೌಲ್ ಬಜಾರ್ ಹುಡುಗಿ:
ಬಳ್ಳಾರಿಯಲ್ಲಿ ಎಂ.ಎ. ಸಮಾಜಶಾಸ್ತ್ರ ಓದುತ್ತಿದ್ದೇನೆ, ಕೊನೇ ವರ್ಷ. ನಮ್ಮ ಓಣಿಯಲ್ಲಿ ಎಷ್ಟೋ ಮನೆಗೆ ಜೀನ್ಸ್ ಪ್ಯಾಂಟಿನ ಗಂಟು ಬರುತ್ತದೆ. ಹೆಂಗಸರು ಕೂತು ಉಳಿದ ದಾರ ಕತ್ತರಿಸಿ ಕೊಡುತ್ತಾರೆ, ಪೀಸಿಗಿಷ್ಟು ಅಂತ ದುಡ್ಡು. ನಮ್ಮತ್ತೆ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಗೀಟು ಎಳೆದು ಲೆಕ್ಕ ಇಡುತ್ತಾರೆ. ನಾಲ್ಕು ಗೀಟು, ಮೇಲೊಂದು ಅಡ್ಡ. ಗಂಟು ತರುವವನ ಪುಸ್ತಕಕ್ಕೂ ಇದಕ್ಕೂ ತಾಳೆಯಾಗೋದೇ ಅಪರೂಪ. ಜಗಳವಾದಾಗ ಯಾರ ಲೆಕ್ಕ ನಡೆಯುತ್ತದೆ, ಯಾಕೆ? ಇದರ ಮೇಲೆ ಸಂಶೋಧನೆ ಮಾಡುವ ಆಸೆ. ನೇರವಾಗಿ ಪಿಎಚ್.ಡಿ. ಅಂದ್ರೆ ಭಯ, ಮೊದಲು ಅದಕ್ಕಿಂತ ಸಣ್ಣ ಸಂಶೋಧನಾ ಪದವಿ ಎಂ.ಫಿಲ್ ಅಂದುಕೊಂಡಿದ್ದೆ. ಒಂದು ಕಡೆ ಸೀಟ್ ಇದೆ, ಬೇಗ ಫೀಸ್ ಕಟ್ಟಿ ಅಂತಿದ್ದಾರೆ. ಮನೆಯಲ್ಲಿ ಸುಮ್ನೆ ಬಿ.ಇಡಿ. ಮಾಡು ಅಂತಾರೆ.

ರಾಯಚೂರು ಮೇಷ್ಟ್ರು:
ಒಂದು ರೂಪಾಯಿನೂ ಕಟ್ಟಬೇಡಮ್ಮ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ 2022ರ ನವೆಂಬರ್‌ನಲ್ಲೇ ಎಂ.ಫಿಲ್ ನಿಲ್ಲಿಸಿದೆ. ಯಾರೂ ಸೇರಬೇಡಿ ಅಂತ 2023ರ ಡಿಸೆಂಬರ್‌ನಲ್ಲಿ ಮತ್ತೆ ಹೇಳಿತು. ಆಗಲೇ ಮುಗಿಸಿದವರ ಡಿಗ್ರಿಗೆ ತೊಂದರೆಯಿಲ್ಲ, ಹೊಸದಾಗಿ ಸೇರಿದರೆ ದುಡ್ಡು ದಂಡ.

ಈಗ ಎಂ.ಎ.ಯಲ್ಲಿ ಶೇ 55 ತೆಗೆದು ನೆಟ್ ಅನ್ನೋ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಬರೆಯಬೇಕು (ಎಸ್‌ಸಿ, ಎಸ್‌ಟಿ, ಒಬಿಸಿಗೆ ಶೇ 5 ರಿಯಾಯಿತಿ ಇದೆ). 2024ರ ಜೂನ್‌ನಿಂದ ಪಿಎಚ್.ಡಿ. ಪ್ರವೇಶಕ್ಕೂ ನೆಟ್ ಅಂಕ ನಡೆಯುತ್ತದೆ. ಅದರಲ್ಲಿ ಹೆಚ್ಚು ಅಂಕ ತೆಗೆದು ಜೆಆರ್‌ಎಫ್ ಅನ್ನೋ ಸಂಶೋಧನಾ ಫೆಲೋಶಿಪ್ ಬಂದರೆ ತಿಂಗಳಿಗೆ 37,000 ರೂಪಾಯಿ. ಬಿ.ಇಡಿ. ಮಾತು ಆಮೇಲೆ ಯಾರೂ ಎತ್ತಲ್ಲ ಬಿಡು. ನಮ್ಮ ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್‌ನಿಂದ ಫೆಲೋಶಿಪ್ ಬರಲ್ಲ, ಅದು ಕಾಲೇಜು ಮೇಷ್ಟ್ರ ಕೆಲಸಕ್ಕೆ.

ಗಂಗಾವತಿ ಅಕ್ಕ:
ಮೇಷ್ಟ್ರು ಹೇಳಿದ್ದು ಸರಿ. ಆದರೆ ಭಯ ಹೋಗಬೇಕಂದ್ರೆ ಈಗಲೇ ಸಣ್ಣದಾಗಿ ಮಾಡಿ ನೋಡಬೇಕು ತಂಗಿ. ನಾಲ್ಕನೇ ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್ ಇದ್ದರೆ ಇದನ್ನೇ ತಗೋ. 'ಬಳ್ಳಾರಿ ಜೀನ್ಸ್ ಉದ್ಯಮ: ಒಂದು ಸಮಾಜಶಾಸ್ತ್ರೀಯ ಅಧ್ಯಯನ' ಅಂತ ಮಾತ್ರ ಹೆಸರಿಡಬೇಡ, ದಮ್ಮಯ್ಯ! ನಿನ್ನ ಪ್ರಶ್ನೆ ಅದಕ್ಕಿಂತ ಎಷ್ಟೋ ಚೆನ್ನಾಗಿದೆ. ಒಂದೇ ಓಣಿ, ನಾಲ್ಕೈದು ಮನೆ, ಎರಡು ಲೆಕ್ಕ. ಸಾಕು.

ಇನ್ನೊಂದು ಮಾತು. ಅತ್ತೆಯ ಹೆಸರು, ಓಣಿಯ ಹೆಸರು ಬರೆಯಬೇಡ. ನೀನು ಲೆಕ್ಕ ಕೇಳ್ತಿದ್ದೀಯ ಅಂತ ಗೊತ್ತಾದರೆ ಗಂಟು ತರುವವನು ಅದನ್ನ ಕೊಡೋದನ್ನೇ ನಿಲ್ಲಿಸಿಬಿಡಬಹುದು. ನಿನಗೆ ಅಂಕ, ಅವರಿಗೆ ಕೂಲಿ ಖೋತಾ. ಇದನ್ನ ಮೊದಲೇ ಅವರ ಹತ್ತಿರ ಮಾತಾಡು, ಬೇಡ ಅಂದರೆ ಬೇಡ.

ಪಿಎಚ್.ಡಿ.ಗೆ ಊರು ನೋಡಿ ಸೇರಬೇಡ, ಗೈಡ್ ನೋಡಿ ಸೇರು. ಬಳ್ಳಾರಿಯಲ್ಲೇ ಕೃಷ್ಣದೇವರಾಯ ವಿ.ವಿ. ಇದೆ, ಹಂಪಿ ಕನ್ನಡ ವಿ.ವಿ. ಹತ್ತಿರ, ಕಲಬುರಗಿ ಕಡೆ ಕಡಗಂಚಿಯಲ್ಲಿ ಕೇಂದ್ರೀಯ ವಿ.ವಿ. ಇದೆ. ಹೆಂಗಸರ ಕೂಲಿ ಕೆಲಸದ ಮೇಲೆ ಯಾರು ಬರೆದಿದ್ದಾರೆ ಅಂತ ಮೊದಲು ಹುಡುಕು.

ಕೌಲ್ ಬಜಾರ್ ಹುಡುಗಿ:
ಥ್ಯಾಂಕ್ಸ್ ಅಕ್ಕ, ಸರ್. ಫೀಸ್ ಕಟ್ಟಲ್ಲ. ನೆಟ್ ಕನ್ನಡದಲ್ಲಿ ಬರೆಯಬಹುದಾ?

ರಾಯಚೂರು ಮೇಷ್ಟ್ರು:
ಸಮಾಜಶಾಸ್ತ್ರಕ್ಕೆ ಇಲ್ಲಮ್ಮ. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಎಲ್ಲ ಆಬ್ಜೆಕ್ಟಿವ್, ಪ್ರಬಂಧ ಬರೆಯೋದಿಲ್ಲ. ತಪ್ಪು ಉತ್ತರಕ್ಕೆ ಅಂಕವೂ ಕಳೆಯಲ್ಲ, ಒಂದನ್ನೂ ಖಾಲಿ ಬಿಡಬೇಡ.