ಆ ಮೂವರು ದೋಣಿ ಬಿಟ್ಟಿದ್ದು ತಪ್ಪಾ?

ಹೊಳೆದಂಡೆ: 1869ರಲ್ಲಿ ಅನ್ವೇಷಕ ಜಾನ್ ವೆಸ್ಲಿ ಪೊವೆಲ್ ತಂಡ ಅಮೆರಿಕದ ಕೊಲರಾಡೋ ನದಿಯಲ್ಲಿ ದೋಣಿ ನಡೆಸಿ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆ ದಾಟಿದ ಕತೆ ಓದಿದೆ. ಮೇ 24ಕ್ಕೆ ಹೊರಟಾಗ ಹತ್ತು ಜನ, ನಾಲ್ಕು ದೋಣಿ, ಹತ್ತು ತಿಂಗಳ ದಿನಸಿ. ಆಗಸ್ಟ್ 28ರಂದು ಇಬ್ಬರು ಹೌಲ್ಯಾಂಡ್ ಸಹೋದರರು ಮತ್ತು ಡನ್, ಮುಂದಿನ ರ್ಯಾಪಿಡ್ (ಬಂಡೆಗಳ ನಡುವೆ ನೀರು ಭೋರ್ಗರೆದು ಇಳಿಯುವ ಜಾಗ) ನೋಡಿ 'ನಾವು ಬರಲ್ಲ' ಅಂದು ಬೆಟ್ಟ ಹತ್ತಿದರು. ಮೇಲೆ ಹೋದವರು ಕೊಲೆಯಾದರು. ಕೊಂದವರು ಯಾರು ಅಂತ ಇವತ್ತಿಗೂ ಜಗಳ ಇದೆ. ಉಳಿದ ಆರು ಜನ (ಒಬ್ಬ ಮೊದಲೇ ತಂಡ ಬಿಟ್ಟಿದ್ದ) ಎರಡೇ ದಿನದಲ್ಲಿ ಪಾರಾದರು! ಸುಮ್ನೆ ಹೆದರಿ ಕೆಟ್ಟರು, ಅಲ್ವಾ?

ಮಳೆಗಾಲ: ಎರಡು ದಿನ ಅಂತ ನಿಮಗೆ ಗೊತ್ತು. ಅವರಿಗೆ ಗೊತ್ತಿತ್ತಾ?

ಹೊಳೆದಂಡೆ: ಸುಮಾರಾಗಿ ಗೊತ್ತಿತ್ತು. ಹಿಂದಿನ ರಾತ್ರಿ ಪೊವೆಲ್ ಲೆಕ್ಕ ಹಾಕಿದ್ದ. ಪ್ರಯಾಣ ಮುಗಿಯಬೇಕಿದ್ದ, ವರ್ಜಿನ್ ನದಿ ಬಂದು ಸೇರುವ ಜಾಗಕ್ಕೆ ನೇರವಾಗಿ 45 ಮೈಲಿ, ನದಿಯ ಸುತ್ತಿನಲ್ಲಿ 80–90 ಮೈಲಿ ಅಂತ ಅವನೇ ಬರೆದಿದ್ದಾನೆ.

ತೆಪ್ಪಗಾರ: ದೂರ ಗೊತ್ತಾದರೆ ಸಾಕಾ? ಮಧ್ಯೆ ಏನಿದೆ ಅಂತ ಗೊತ್ತಿರಲಿಲ್ಲವಲ್ಲ. ಪಕ್ಕದ ಕಣಿವೆಗಳಿಂದ ಪ್ರವಾಹ ತಂದು ಸುರಿಯುವ ಬಂಡೆಗಳೇ ಅಲ್ಲಿ ನದಿಯನ್ನು ಇರುಕಿಸಿ ರ್ಯಾಪಿಡ್ ಮಾಡುತ್ತವೆ. ದೋಣಿಯಲ್ಲಿ ಕೂತವನಿಗೆ ಮುಂದೆ ನೀರು ಸಮತಟ್ಟಾಗಿ ಕಾಣುತ್ತದೆ, ಆಮೇಲೆ ಏನೂ ಕಾಣುವುದಿಲ್ಲ. ಮೊರೆತ ಮಾತ್ರ ಕೇಳುತ್ತದೆ. ಸಾಧ್ಯವಾದ ಕಡೆಯೆಲ್ಲ ಅವರು ಇಳಿದು, ಹಗ್ಗ ಕಟ್ಟಿ ದೋಣಿಗಳನ್ನು ದಡದಿಂದ ಜಗ್ಗಿ ಇಳಿಸುತ್ತಿದ್ದರು, ಇಲ್ಲವೇ ಸಾಮಾನು ಹೊರುತ್ತಿದ್ದರು. ಆ ಮೂವರು ಬಿಟ್ಟುಹೋದ ರ್ಯಾಪಿಡ್‌ನಲ್ಲಿ ಎರಡೂ ಕಡೆ ಕಡಿದಾದ ಗೋಡೆ.

ಇನ್ನು ಆ ದೋಣಿಗಳು! ಗುಂಡು ತಳ, ಕೆಳಗೆ ಉದ್ದದ ದಿಂಡು. ನೇರ ಓಡಲು ಚೆನ್ನ, ತಟ್ಟನೆ ತಿರುಗಿಸಲು ಆಗದು. ಹುಟ್ಟು ಹಾಕುವವರು ಬೆನ್ನು ಮುಂದೆ ಮಾಡಿ ಕೂರುತ್ತಿದ್ದರು. ಗುದ್ದುವ ಬಂಡೆ ಅವರಿಗೆ ಕಾಣುತ್ತಲೇ ಇರಲಿಲ್ಲ. ನಾನು ದಾಂಡೇಲಿಯ ಕಾಳಿಯಲ್ಲಿ ರಬ್ಬರ್ ರಾಫ್ಟ್‌ನಲ್ಲಿ ಮುಂದೆ ನೋಡಿಕೊಂಡು ಕೂತೇ ಎರಡು ಸಲ ಬಿದ್ದಿದ್ದೇನೆ. ಚಪ್ಪಟೆ ತಳದ ದೋಣಿಯಲ್ಲಿ ಮುಂದೆ ನೋಡುತ್ತಾ ಇಳಿಯುವ ಉಪಾಯವನ್ನು ನಥಾನಿಯಲ್ ಗ್ಯಾಲೋವೇ ರೂಢಿಗೆ ತಂದಿದ್ದು 1890ರ ದಶಕದಲ್ಲಿ.

ಮಳೆಗಾಲ: ಲೈಫ್ ಜಾಕೆಟ್ ಬುದ್ಧಿಯೂ ತಡವಾಗಿಯೇ ಬಂತು. 1889ರಲ್ಲಿ ಅಲ್ಲಿ ರೈಲು ದಾರಿಗೆ ಸರ್ವೆ ಮಾಡಲು ಫ್ರಾಂಕ್ ಬ್ರೌನ್ ಜಾಕೆಟ್ ಇಲ್ಲದೆ ಹೋಗಿ ಮುಳುಗಿದ. ಕೆಲವೇ ದಿನಗಳಲ್ಲಿ ಇನ್ನಿಬ್ಬರು. ಇಪ್ಪತ್ತು ವರ್ಷ ಕಳೆದರೂ ಕಲಿತಿರಲಿಲ್ಲ ನೋಡಿ.

ಹೊಳೆದಂಡೆ: ಸರಿ ಸ್ವಾಮಿ, ನದಿ ಭಯಂಕರ. ಆದರೆ ಉಳಿದ ಆರು ಜನರ ಮುಂದೆಯೂ ಅದೇ ನದಿ ತಾನೇ ಇದ್ದದ್ದು?

ಗಣಿತಮೇಷ್ಟ್ರು: ಒಂದು ವಿಷಯ ಯಾರೂ ಹೇಳಲಿಲ್ಲ. ಜೂನ್‌ನಲ್ಲಿ ಲೊಡೋರ್ ಕಣಿವೆಯಲ್ಲಿ 'ನೋ ನೇಮ್' ಎಂಬ ದೋಣಿ ಬಂಡೆಗೆ ಹೊಡೆದು ಎರಡು ತುಂಡಾಯಿತು. ಅದರಲ್ಲಿ ಇದ್ದವರು ಮೂವರು: ಹೌಲ್ಯಾಂಡ್ ಸಹೋದರರು ಮತ್ತು ಗುಡ್‌ಮನ್. ಬಟ್ಟೆಬರೆ, ಊಟ ಎಲ್ಲ ನೀರುಪಾಲು. ಗುಡ್‌ಮನ್ ಜುಲೈನಲ್ಲೇ ತಂಡ ಬಿಟ್ಟ. ಆಗಸ್ಟ್‌ನಲ್ಲಿ ಅಣ್ಣತಮ್ಮ ಬಿಟ್ಟರು. ಅಂದರೆ ನದಿಯಲ್ಲಿ ದೋಣಿ ಕಳೆದುಕೊಂಡ ಮೂವರೂ ಕೊನೆ ಮುಟ್ಟಲಿಲ್ಲ. ಇದನ್ನು ಹೇಡಿತನ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಹೊಳೆದಂಡೆ: ಇದು ಗಮನಿಸಿರಲಿಲ್ಲ. 'ಹೆದರಿ ಕೆಟ್ಟರು' ಅಂದಿದ್ದನ್ನು ವಾಪಸ್ ತೆಗೆದುಕೊಂಡೆ. ಆದರೆ ಡನ್? ಅವನೂ ಆ ದೋಣಿಯಲ್ಲಿದ್ದನಾ?

ಗಣಿತಮೇಷ್ಟ್ರು: ಇಲ್ಲ. ಅವನು ಪೊವೆಲ್ ಜೊತೆ ಎಮ್ಮಾ ಡೀನ್ ದೋಣಿಯಲ್ಲಿದ್ದ.